ಮಾತುಗಾವಲು

ಕಿವಿಯ ಹಿಂದೆ ಸಾಸಿವೆ ಸಿಡಿದ ಹಾಗೆ ಚುರುಕ್ ಎಂದಿತು. ನೀಲಾಂಬಿಕಾ ಥಟ್ಟನೆ ಮಾತು ನುಂಗಿಕೊಂಡಳು. ಧಾರವಾಡದ ಸೇತುವೆ ಸುರಕ್ಷಾ ಮಂಡಳಿಯ ಸಂದರ್ಶನ ಅದು. ರಜೆಯಲ್ಲಿ ಏನು ಮಾಡುತ್ತೀರಿ ಎಂದು ಅಧ್ಯಕ್ಷ ರುದ್ರಗೌಡರು ಕೇಳಿದ್ದರು.

"ಸೇತುವೆಗಳ ದನಿ ಮುದ್ರಿಸ್ಕೋತೀನ್ರಿ. ಲಾರಿ ದಾಟಿ ಹೋದ ಮ್ಯಾಲೆ ಒಂದೊಂದು ಒಂದೊಂದು ಥರಾ ಗುಂಯ್‌ಗುಡ್ತದ" ಎಂದು ಶುರುಮಾಡಿದ್ದಳು, ಅಷ್ಟೆ. ಚುಚ್ಚಿದ ಮೇಲೆ, "ಮತ್ತ ಪುಸ್ತಕ ಓದ್ತೀನ್ರಿ, ವಾಕಿಂಗ್ ಹೋಗ್ತೀನ್ರಿ" ಎಂದು ಮುಗಿಸಿದಳು.

ಅವಳ ಕಿವಿಯ ಹಿಂದೆ ಅಂಟಿದ್ದ, ಅವರೆಕಾಳಿನಷ್ಟಿದ್ದ ಯಂತ್ರದ ಹೆಸರು ಮಾತುಗಾವಲು. ಹಾಕಿಕೊಂಡವರ ಕನ್ನಡಕದೊಳಗಿನ ಕ್ಯಾಮೆರಾ ಕೇಳುಗನ ರೆಪ್ಪೆ, ತುಟಿ, ತಲೆಯಾಟಗಳನ್ನು ಗಮನಿಸಿ ಅವನ 'ಆಲಿಕೆಯ ಮಟ್ಟ'ವನ್ನು ಅಳೆಯುತ್ತದೆ. ಮಟ್ಟ ಕುಸಿದರೆ ಯಂತ್ರ ಚುಚ್ಚುತ್ತದೆ. ಅದನ್ನು ಕಂಡುಹಿಡಿದವನು ಅವಳ ಕಾಲೇಜಿನ ಗೆಳೆಯ ಪ್ರಾಣೇಶ. ಹಿಂದಿನ ಸಂದರ್ಶನಗಳಲ್ಲೆಲ್ಲ ಅವಳು ಸೇತುವೆಗಳ ದನಿಯ ಬಗ್ಗೆ ಮಾತಾಡುತ್ತಾ ಮೈಮರೆತು ಕೆಲಸ ಕೈತಪ್ಪಿಸಿಕೊಂಡಿದ್ದಳು. "ನಿನ್ನ ಹುಚ್ಚು ನಿನಗ ಚಂದ. ಕೇಳೋರ ಮಾರಿ ನೋಡೂದು ಕಲಿ" ಎಂದು ಅವನೇ ಕೊಟ್ಟಿದ್ದ. ಬೇಸಿಗೆಯುದ್ದಕ್ಕೂ ಅವಳು, ಶಾಲೆಯಲ್ಲಿ ವ್ಯಾಯಾಮ ಶಿಕ್ಷಕನಾಗಿದ್ದ ಗಂಡ ಶ್ರೀಶೈಲನನ್ನು ಎದುರಿಗೆ ಕೂರಿಸಿಕೊಂಡು ಅಭ್ಯಾಸ ಮಾಡಿದಳು. ಸೇತುವೆಯ ಸುದ್ದಿ ಬಂದಾಗಲೆಲ್ಲ ಅದು ಚುಚ್ಚುತ್ತಿತ್ತು. ಕ್ರಮೇಣ ಆ ಸುದ್ದಿಯನ್ನೇ ಎತ್ತುವುದನ್ನು ಬಿಟ್ಟಳು.

ಕೆಲಸ ಬೇರೆಯವರಿಗೆ ಹೋಯಿತು. ಪ್ರಮಾಣಪತ್ರ ವಾಪಸು ಪಡೆಯಲು ಹೋದಾಗ ರುದ್ರಗೌಡರೇ ಎದುರಾದರು.

"ಆವತ್ತ ಯಾಕ್ರಿ ನಡುವ ಬಿಟ್ರಿ?"

"ನಿಮಗ ಬ್ಯಾಸರ ಆತು ಅನ್ಕೊಂಡೆರಿ."

"ಬ್ಯಾಸರ?" ಗೌಡರು ಗೋಡೆಗೆ ಕೈಯೂರಿ ನಿಂತರು. "ನನ್ನ ತಮ್ಮ ಸೇತುವೆ ಕುಸಿದು ಸತ್ತ. ಬೀಳೂಕಿಂತ ಮೊದಲ ಅದರ ಸಪ್ಪಳ ಬ್ಯಾರೆ ಆಗಿತ್ತು ಅಂತ ಊರವರು ಹೇಳ್ತಿದ್ರು, ಯಾರೂ ನಂಬಲಿಲ್ಲ. ನೀವು ಆ ಮಾತು ತಗದಾಗ ಉಸಿರು ಬಿಗಿಹಿಡಿದು ಕೂತಿದ್ದೆ. ನೀವು ನೋಡಿದ್ರ ವಾಕಿಂಗ್ ಅಂದ್ರಿ."

ಅವಳು ನೇರವಾಗಿ ಪ್ರಾಣೇಶನ ಪ್ರಯೋಗಾಲಯಕ್ಕೆ ಹೋದಳು. ಅವನು ಯಂತ್ರದ ದಾಖಲೆಯನ್ನು ಮತ್ತೆ ಮತ್ತೆ ಓಡಿಸಿ ನೋಡಿ ತಲೆ ತಗ್ಗಿಸಿದ.

"ನಗೋರು, ತಲಿ ಆಡಸೋರು, ಇಂಥವರ ಮುಖ ತೋರಿಸಿ ಇದಕ್ಕ ಕಲಿಸಿದ್ವಿ, ನೀಲಾ. ಮನಸ್ಸಿಟ್ಟು ಕೇಳೋ ಮನುಷ್ಯಾ ಕಲ್ಲಿನ್ಹಂಗ ಕೂತಿರ್ತಾನ. ಯಂತ್ರಕ್ಕ ಅದೂ ಬ್ಯಾಸರದ್ಹಂಗ ಕಾಣ್ತದ. ಇದು ನನಗ ಹೊಳೀಲೇ ಇಲ್ಲ."

ಆಗ ಅವಳಿಗೆ ನೆನಪಾದದ್ದು ಕೈತಪ್ಪಿದ ಕೆಲಸವಲ್ಲ, ಬೇಸಿಗೆಯುದ್ದಕ್ಕೂ ಎದುರಿಗೆ ಕೂತಿದ್ದ ಗಂಡ. ಮನೆಗೆ ಬಂದಾಗ ಶ್ರೀಶೈಲ ಮೆಂತ್ಯಸೊಪ್ಪು ಸೋಸುತ್ತಿದ್ದ.

"ಬ್ಯಾಸಗಿ ದಿನದಾಗ ನಾ ಸೇತುವೆ ಸುದ್ದಿ ಹೇಳೂವಾಗ ನಿಮಗ ಸಾಕಾಗ್ತಿತ್ತೇನು?"

"ಇಲ್ಲಲಾ! ಸಾಲಿಯಿಂದ ಬರೂವಾಗ ಅದನ್ನ ಕೇಳಬೇಕಂತ ಬರ್ತಿದ್ದೆ. ಆಮ್ಯಾಲೆ ನೀ ಹೇಳೂದ ಬಿಟ್ಟಿ. ಕಸರತ್ತಿನ ಮಾಸ್ತರಗ ಏನು ತಿಳೀತದ ಅಂತ ಬಿಟ್ಟೀ ಅನ್ಕೊಂಡು ನಾನೂ ಸುಮ್ಮನಾದೆ."

ಅವನ ದನಿಯಲ್ಲಿ ದೂರು ಇರಲಿಲ್ಲ. ಅವಳು ಪಕ್ಕದಲ್ಲೇ ಕುಳಿತಳು. "ಆ ಹಳೇ ರೈಲು ಸೇತುವೆ ಅದಲ್ಲಾ..." ಎಂದು ಆರಂಭಿಸಿದಳು. ಮಾತು ಅಲ್ಲಿಗೇ ನಿಂತುಹೋಯಿತು. ಕಿವಿಯ ಹಿಂದೆ ಈಗ ಏನೂ ಇರಲಿಲ್ಲ. ಆದರೂ ಮುಂದಿನದು ಬರಲೊಲ್ಲದಾಯಿತು.

ಶ್ರೀಶೈಲ ಸೊಪ್ಪನ್ನು ಬದಿಗಿಟ್ಟು, ಅಲುಗಾಡದೆ, ಅವಳ ಮುಖವನ್ನೇ ನೋಡುತ್ತಾ ಕಾದು ಕುಳಿತ.