ಎರೆಭೂತದ ಕಾಲಿಗೆ ಅಂಟಿದ ಮಣ್ಣು

ಎರೆಭೂತ ಹಕ್ಕಿ ಸತ್ತು ಬಿದ್ದಿತ್ತು.

ಮೊದಲು ಕಂಡವಳು ಕುರಿ ಕಾಯುವ ಕಾಟಮ್ಮ. ಬಿ.ಜಿ. ಕೆರೆಯ ಆಚೆ, ಹುಲ್ಲು ಕಾವಲಿನ ಕೆಂಪು ಗರಸು ನೆಲದಲ್ಲಿ, ತಾನು ದಿನವೂ ಕುರಿ ತಿರುಗಿಸುವ ಜಾಗದಲ್ಲೇ. ಅವಳು ಇಬ್ಬರಿಗೆ ಫೋನ್ ಮಾಡಿದಳು. ಒಂದು, ವಲಯ ಅರಣ್ಯಾಧಿಕಾರಿ ಮೆಹಜಬೀನ್‌ಗೆ. ಇನ್ನೊಂದು, ಹಕ್ಕಿ ಮೇಷ್ಟ್ರು ಎಂದೇ ಹೆಸರಾದ ಸಣ್ಣತಿಮ್ಮಪ್ಪನವರಿಗೆ.

ಮೆಹಜಬೀನ್ ಜೀಪು ಇಳಿದು ಓಡಿದಳು. ಸೊಂಟದೆತ್ತರ ನಿಲ್ಲುತ್ತಿದ್ದ ಹಕ್ಕಿ ಮಲಗಿದ ಮಗುವಿನಂತೆ ಬಿದ್ದಿತ್ತು. ಎರಡೂ ರೆಕ್ಕೆ ಮಡಚಿ ಮೈಗೆ ಒತ್ತಿಕೊಂಡಿದ್ದವು. ಎದೆಯ ಬಿಳಿ ಗರಿ ಒಂದೂ ಕೆದರಿರಲಿಲ್ಲ.

"ಬಟ್ಟಮೇಕ ಪಿಟ್ಟ ಮೇಡಮ್ಮ," ಎಂದಳು ಕಾಟಮ್ಮ, ತನ್ನ ಮನೆಯ ತೆಲುಗಿನಲ್ಲಿ. "ಇದೊಂದೇ ಉಳಿದಿತ್ತಲ್ಲ?"

ಒಂದೇ ಉಳಿದಿತ್ತು. ಎಡಕ್ಕೆ ಸೋಲಾರ್ ಫಲಕಗಳು, ಬಲಕ್ಕೆ ಸಿಮೆಂಟ್ ಕಂಬದ ಬೇಲಿ, ಹಿಂದೆ ಶೇಂಗಾ ಹೊಲ. ನಡುವೆ ದ್ವೀಪದ ಹಾಗೆ ಉಳಿದ ಈ ಹುಲ್ಲುಗಾವಲು. ಅದರಲ್ಲಿ ಒಂಟಿ ಹೆಣ್ಣು ಹಕ್ಕಿ. ದೇಶದಲ್ಲೇ ಅಳಿವಿನ ಅಂಚಿಗೆ ಬಂದ ಜಾತಿ. ಹುಲಿಗೆ ಇರುವಷ್ಟೇ ಬಿಗಿ ಕಾನೂನು ಇದಕ್ಕೂ ಇತ್ತು. ಕಾನೂನು ಇತ್ತು, ಗಂಡು ಹಕ್ಕಿ ಇರಲಿಲ್ಲ.

ಮೇಷ್ಟ್ರ ಮೊಪೆಡ್ ಬಂದು ನಿಂತಿತು. ಅವರು ಹತ್ತಿರ ಬರಲಿಲ್ಲ. ದೂರದಿಂದಲೇ ತಲೆ ಚಚ್ಚಿಕೊಂಡರು.

"ಎದೆಗೇ ಗುಂಡು ಹೊಡೆದವ್ರೆ ಮೇಡಂ! ಯಾವ ಪಾಪಿ ಇವ್ನು? ಬಿಡಬ್ಯಾಡ್ರಿ ಅವ್ನನ್ನ!"

ಅವರ ದನಿ ಒಡೆದಿತ್ತು. ಮೆಹಜಬೀನ್‌ಗೂ ಕಣ್ಣು ತುಂಬಿ ಬಂತು.

* * *

ಮೇಷ್ಟ್ರ ಮಾತು ಗಾಳಿಯಂತೆ ಹಬ್ಬಿತು. ಮಧ್ಯಾಹ್ನದ ಹೊತ್ತಿಗೆ ಕೊಂಡ್ಲಹಳ್ಳಿಯ ಹುಡುಗರು ತಮ್ಮೂರ ರೈತ ಗಾದ್ರಪ್ಪನನ್ನು ಮನೆಯಿಂದ ಎಳೆದು ತಂದಿದ್ದರು. ಅವನ ಅಟ್ಟದ ಮೇಲೆ ಹಂದಿ ಓಡಿಸುವ ನಾಡಬಂದೂಕು ಸಿಕ್ಕಿತ್ತು. ಪರವಾನಗಿ ಇರಲಿಲ್ಲ. ಹುಡುಗರಿಗೆ ಅಷ್ಟೇ ಸಾಕಾಯಿತು. ಮೆಹಜಬೀನ್ ತಲುಪುವಷ್ಟರಲ್ಲಿ ಅವನ ಮುಖ ಮುಖವಾಗಿ ಉಳಿದಿರಲಿಲ್ಲ. ಬಲಗಣ್ಣು ಪೂರ್ತಿ ಮುಚ್ಚಿಹೋಗಿತ್ತು.

"ನಾನು ಹೊಡೆದಿಲ್ಲ ಮೇಡಂ. ಅವ್ವನಾಣೆ. ಹಂದಿಗೆ ಬಿಟ್ರೆ ಯಾವುದಕ್ಕೂ ಬಂದೂಕು ಎತ್ತಿಲ್ಲ."

"ಈಚೆಗೆ ಹಾರಿಸಿದ್ದೀಯಲ್ಲ? ನಳಿಗೇಲಿ ಮಸಿ ಐತೆ."

"ಹಂದಿ ಬಂದಿತ್ತು ಮೇಡಂ, ಹೊಲಕ್ಕೆ."

ಯಾರೂ ನಂಬಲಿಲ್ಲ. ಮೆಹಜಬೀನ್ ಕೂಡ ನಂಬಲಿಲ್ಲ. ಅವನನ್ನು ಆಸ್ಪತ್ರೆಗೆ ಸೇರಿಸಿ ಕಾವಲು ಹಾಕಿಸಿದಳು. ಅವನ ಹೆಂಡತಿ ದುರುಗಕ್ಕ ಅರಣ್ಯ ಇಲಾಖೆಯ ಕಚೇರಿ ಮೆಟ್ಟಿಲ ಮೇಲೆ ಬಂದು ಕೂತಳು. ಅಳಲಿಲ್ಲ, ಬೈಯಲಿಲ್ಲ.

* * *

ಚಳ್ಳಕೆರೆಯ ಪಶು ಆಸ್ಪತ್ರೆಯಲ್ಲಿ ಡಾಕ್ಟರ್ ಆಂಜನೇಯ ಕೈಗವಸು ಕಳಚಿದರು.

"ಎದೇಲಿ ಸೀಸದ ಚರೆ ಸಿಕ್ಕವೆ ಮೇಡಂ. ಆದ್ರೆ ಇದು ಗುಂಡೇಟಲ್ಲ."

"ಅಂದ್ರೆ?"

"ಇವು ಏರ್‌ಗನ್ ಚರೆ. ಗಾದ್ರಪ್ಪನ ಬಂದೂಕಿಗೆ ಹಾಕೋವಲ್ಲ. ಏರ್‌ಗನ್ನಿಂದ್ಲೂ ಬಂದಿಲ್ಲ. ಎಲ್ಲಾ ಚರ್ಮದ ಕೆಳಗೇ ನಿಂತವೆ. ಮೇಲಿನ ಗರಿ ಒಂದೂ ಹರಿದಿಲ್ಲ. ಗರಿ ಸರಿಸಿ, ದಬ್ಬಣದಂಥದ್ರಲ್ಲಿ ಚುಚ್ಚಿ, ಒಳಗೆ ತುರುಕವ್ರೆ. ಗಾಯದಲ್ಲಿ ರಕ್ತ ಕಟ್ಟಿಲ್ಲ. ಸತ್ತಮೇಲೆ ಮಾಡಿದ ಕೆಲಸ."

ಮೆಹಜಬೀನ್ ಚರೆಗಳನ್ನು ಬಾಗಿ ನೋಡಿದಳು.

"ಹಂಗಾದ್ರೆ ಸತ್ತಿದ್ದು ಹೆಂಗೆ?"

"ಎಡ ರೆಕ್ಕೆ ಬುಡದಲ್ಲಿ ಮುರಿದೈತೆ. ಕುತ್ತಿಗೇನೂ ಮುರಿದೈತೆ. ಅಲ್ಲಿ ರಕ್ತ ಹೆಪ್ಪುಗಟ್ಟೈತೆ. ಹಾರೋವಾಗ ಜೋರಾಗಿ ಯಾವುದಕ್ಕೋ ಬಡಿದೈತೆ." ಡಾಕ್ಟರು ಒಂದು ತಟ್ಟೆ ಮುಂದೆ ತಳ್ಳಿದರು. "ಕಾಲುಬೆರಳ ಸಂದೀಲಿ ಇದು ಅಂಟಿತ್ತು. ಕೊಕ್ಕಿಗೆ ಈ ಎಳೆ ಸಿಕ್ಕಿತ್ತು."

ಕಪ್ಪು ಎರೆಮಣ್ಣು. ಕರೀ ಕಂಬಳಿಯ ಉಣ್ಣೆ.

ಹಕ್ಕಿ ಬಿದ್ದಿದ್ದು ಕೆಂಪು ಗರಸಿನ ಮೇಲೆ. ಕಾವಲಿನಲ್ಲಿ ಹುಡುಕಿದರೂ ಒಂದು ಹಿಡಿ ಎರೆಮಣ್ಣು ಸಿಗದು.

* * *

ಎರೆ ಹೊಲಗಳಿದ್ದದ್ದು ಕಾವಲಿನ ಪಡುವಣಕ್ಕೆ. ಅವುಗಳ ಮೇಲೇ ಹೊಸ ವಿದ್ಯುತ್ ತಂತಿ ಹಾದುಹೋಗಿತ್ತು. ಹಕ್ಕಿಗೆ ತಂತಿ ಕಾಣಲೆಂದು ತೂಗುಹಾಕಬೇಕಿದ್ದ ಹೊಳೆಯುವ ಬಿಲ್ಲೆಗಳು ಅಲ್ಲಿ ಒಂದೂ ಇರಲಿಲ್ಲ. ಹದಮಳೆಗೆ ನೆನೆದ ಮಣ್ಣು ಇನ್ನೂ ಹಸಿಯಾಗಿತ್ತು. ತಂತಿಯ ಅಡಿಯಲ್ಲಿ ಹಕ್ಕಿ ಒದ್ದಾಡಿದ ಗುರುತು. ಕೆಸರಿಗೆ ಅಂಟಿದ ಕಂದು ಗರಿಗಳು. ಅಲ್ಲಿಂದ ಬದುವಿನವರೆಗೆ ಒಬ್ಬನ ಚಪ್ಪಲಿ ಗುರುತು. ಬದುವಿನ ಪಕ್ಕ ಮೊಪೆಡ್ಡಿನ ಸಣ್ಣ ಗಾಲಿಯ ಗೆರೆ.

ಮೆಹಜಬೀನ್ ಆ ಗೆರೆಯನ್ನು ನೋಡುತ್ತಾ ನಿಂತಳು. ನೋಡಬಾರದ್ದನ್ನು ನೋಡಿದ ಹಾಗಾಯಿತು. ಕಾಟಮ್ಮನಿಗೆ ಫೋನ್ ಮಾಡಿದಳು.

"ಕಾಟಮ್ಮ, ಮೇಷ್ಟ್ರಿಗೆ ಫೋನಲ್ಲಿ ಏನಂತ ಹೇಳ್ದೆ? ಗುಂಡು ಅಂದ್ಯಾ?"

"ಇಲ್ಲ ಮೇಡಮ್ಮ. ಪಿಟ್ಟ ಸತ್ತು ಬಿದ್ದೈತೆ ಅಂದೆ, ಅಷ್ಟೇಯ. ಗುಂಡು ನನಗೇನು ಗೊತ್ತು? ರಕ್ತಾನೇ ಇರ್ಲಿಲ್ಲ."

* * *

ಸಣ್ಣತಿಮ್ಮಪ್ಪನವರ ಮನೆ ಮೊಳಕಾಲ್ಮೂರಿನ ಹಳೇ ಪೇಟೆಯಲ್ಲಿ. ಕಾಂಪೌಂಡ್ ಗೋಡೆಯ ಮೇಲೆ ತೊಳೆದ ಕರೀ ಕಂಬಳಿ ಒಣಗುತ್ತಿತ್ತು.

"ಬರ್ರಿ ಮೇಡಂ. ಗಾದ್ರಪ್ಪ ಒಪ್ಕೊಂಡ್ನಾ?"

"ಅವನು ಹೊಡೆದಿಲ್ಲ ಮೇಷ್ಟ್ರೇ. ಯಾರೂ ಹೊಡೆದಿಲ್ಲ. ಹಕ್ಕಿ ತಂತಿಗೆ ಬಡಿದು ಎರೆ ಹೊಲದಾಗೆ ಸತ್ತಿತ್ತು."

ಮೇಷ್ಟ್ರು ಕುರ್ಚಿಯ ಬೆನ್ನು ಹಿಡಿದುಕೊಂಡರು.

"ಬೇಟೆಗಾರ ಆಗಿದ್ರೆ ಅಷ್ಟು ಮಾಂಸ ಬಿಟ್ಟು ಹೋಗ್ತಿರಲಿಲ್ಲ. ಮುರಿದ ರೆಕ್ಕೇನ ಅಷ್ಟು ಜೋಪಾನವಾಗಿ ಮಡಚಿಡ್ತಿರಲಿಲ್ಲ. ಕಾಟಮ್ಮನ ಕಣ್ಣಿಗೆ ಬೀಳೋ ಜಾಗದಲ್ಲೇ ಮಲಗಿಸ್ತಿರಲಿಲ್ಲ. ಅದು ಹಕ್ಕೀನ ಪ್ರೀತಿಸಿದೋರ ಕೈ. ಆವತ್ತು ನೀವು ದೂರ ನಿಂತು, ಎದೆಗೆ ಗುಂಡು ಹೊಡೆದವ್ರೆ ಅಂದ್ರಿ. ಮುಟ್ಟಿ ನೋಡ್ತಿದ್ದ ನನಗೇ ಗಾಯ ಕಂಡಿರಲಿಲ್ಲ. ನಿಮಗೆ ಹೆಂಗೆ ಗೊತ್ತಾಯ್ತು?"

ಮೇಷ್ಟ್ರು ನಿಧಾನವಾಗಿ ಕೂತರು. ಸುಳ್ಳು ಹೇಳುವ ಪ್ರಯತ್ನವನ್ನೇ ಮಾಡಲಿಲ್ಲ.

"ಗಂಡು ಹಕ್ಕೀನೂ ಆ ತಂತಿಗೇ ಸತ್ತಿತ್ತು ಮೇಡಂ. ನಾನೇ ಕಂಡಿದ್ದೆ. ನಾನು ಹೋಗಿ ಜನ ಕರೆತರೋದ್ರೊಳಗೆ ನಾಯಿ ಎಳೆದೊಯ್ದಿದ್ವು. ಆಕಸ್ಮಿಕ ಅಂತ ಬರೆದು ಮುಗಿಸಿದ್ರು. ಒಬ್ಬ ಬಂದು ಕೇಳ್ಲಿಲ್ಲ. ಇದನ್ನೂ ಹಂಗೇ ಮಾಡ್ತಾರೆ ಅಂತ... ತಂತಿಗೆ ಕೈಕೋಳ ಹಾಕೋಕಾಗಲ್ಲ. ಕೊಲೆ ಅಂದ್ರೆ ಪೇಪರ್ನೋರು ಬರ್ತಾರೆ, ಮಂತ್ರಿ ಬರ್ತಾರೆ. ಉಳಿದ ಹುಲ್ಲಾದ್ರೂ ಉಳೀತದೆ ಅನ್ಕೊಂಡೆ."

"ಗಾದ್ರಪ್ಪ?"

"ಯಾರೋ ಗೊತ್ತಿಲ್ದೋನು ಅಂತ ಕೇಸು ಆಗ್ತದೆ ಅನ್ಕೊಂಡಿದ್ದೆ. ಅವನನ್ನ ಎಳೆದು ತರ್ತಾರೆ ಅಂತ ನನಗೆ ಗೊತ್ತಿರ್ಲಿಲ್ಲ."

"ತಂದಮೇಲೆ ಗೊತ್ತಾಯ್ತಲ್ಲ?"

ಮೇಷ್ಟ್ರು ತಲೆ ತಗ್ಗಿಸಿದರು.

* * *

ಅವರನ್ನು ಜೀಪಿಗೆ ಹತ್ತಿಸುವಾಗ ಮೆಹಜಬೀನ್‌ಳ ಫೋನ್ ರಿಂಗಾಯಿತು. ಮೇಲಧಿಕಾರಿ. ಅವಳು ನಡೆದದ್ದೆಲ್ಲ ಹೇಳಿದಳು. ತಂತಿಯ ಕಂಪನಿಯ ಮೇಲೆ ಕೇಸು ಹಾಕಲು ಅನುಮತಿ ಕೇಳಿದಳು.

"ಯಾವ ಸಾಕ್ಷಿ ಇಟ್ಕೊಂಡು ಹಾಕ್ತೀಯಮ್ಮ?" ಎಂದರು ಅವರು. "ಹೆಣ ಎತ್ತಿಟ್ಟವ್ರೆ, ಚುಚ್ಚವ್ರೆ, ಚರೆ ತುರುಕವ್ರೆ. ತಂತಿಗೆ ಬಡೀತು ಅನ್ನೋದೂ, ತಂತಿ ಕೆಳಗಿನ ಗರೀನೂ ಮೇಷ್ಟ್ರ ಕಟ್ಟುಕಥೆ ಅಂತಾರೆ ಅವರ ವಕೀಲರು. ತಂತಿ ನೆಲದಡಿ ಹಾಕಿಸಿ ಅಂತ ನಾವು ಕಂಪನೀನ ಕೇಳ್ತಿದ್ದದ್ದು ಹಕ್ಕಿ ಐತೆ ಅಂತ. ಈಗ ಹಕ್ಕೀನೇ ಇಲ್ವಲ್ಲ."

ಮೆಹಜಬೀನ್ ಫೋನ್ ಇಟ್ಟಳು. ಗಾದ್ರಪ್ಪನನ್ನು ಹಕ್ಕಿಯ ಕೇಸಿನಿಂದ ಬಿಟ್ಟುಬಿಡುವಂತೆ ಸಿಬ್ಬಂದಿಗೆ ಹೇಳಿದಳು. ಬಂದೂಕಿನ ಕೇಸು ಉಳಿಯುತ್ತಿತ್ತು. ಅವನ ಬಲಗಣ್ಣಿಗೆ ಇನ್ನು ಬೆಳಕು ಬರುವುದಿಲ್ಲವೆಂದು ಕಣ್ಣಿನ ಡಾಕ್ಟರು ಬೆಳಿಗ್ಗೆಯೇ ದುರುಗಕ್ಕನಿಗೆ ತಿಳಿಸಿದ್ದರು.

ಜೀಪು ಹೊರಟಿತು.

"ಏನಂದ್ರು ಮೇಡಂ, ಸಾಹೇಬ್ರು?" ಎಂದು ಮೇಷ್ಟ್ರೇ ಕೇಳಿದರು. "ಕಂಪನಿ ಮ್ಯಾಲೆ ಕೇಸು ಹಾಕ್ತಾರಾ?"

ಹೇಳಬಾರದು ಎಂದುಕೊಂಡಿದ್ದಳು. ಮೆಟ್ಟಿಲ ಮೇಲೆ ಕೂತ ದುರುಗಕ್ಕ ನೆನಪಾದಳು.

"ಈ ಸಲ ನಾಯಿ ಮುಟ್ಟಿರಲಿಲ್ಲ ಮೇಷ್ಟ್ರೇ. ಅದು ಬಿದ್ದಲ್ಲೇ ಬಿಟ್ಟು ನನಗೊಂದು ಫೋನ್ ಮಾಡಿದ್ರೆ ಸಾಕಿತ್ತು. ಅದೇ ಸಾಕ್ಷಿ ಹೇಳ್ತಿತ್ತು."

ಮೇಷ್ಟ್ರು ಕಿಟಕಿಯ ಕಡೆ ಮುಖ ತಿರುಗಿಸಿದರು. ಅವರ ಭುಜ ಅದುರತೊಡಗಿತು. ಮೆಹಜಬೀನ್ ಸಮಾಧಾನ ಹೇಳಲಿಲ್ಲ.