ಸೀಸನ್ ಮುಗಿದ ಮೇಲೆ ಬಂದ ಆಟ

ವರ್ಷಾಂತ್ಯದ ರಜೆ ಮುಗಿದು ಚಳಿ ಇಳಿಯತೊಡಗಿತ್ತು. ಕೊಯ್ಲಾದ ಹೊಲದಂತೆ ಬರಿದಾಗಿದ್ದ ವಿಡಿಯೋ ಗೇಮ್ ಅಂಗಡಿಯಲ್ಲಿ ಪುಟ್ಟಿ ಸ್ಟೂಲ್ ಹತ್ತಿ ಹಳೆಯ ಪೋಸ್ಟರ್‌ಗಳನ್ನು ಕೀಳುತ್ತಿದ್ದಳು.

ಬಾಗಿಲು ತೆರೆಯಿತು. ರಟ್ಟಿನ ಪೆಟ್ಟಿಗೆ ಹೊತ್ತು ನಿಂತವನನ್ನು ಕಂಡು ಅವಳ ಕೈ ಅಲ್ಲೇ ನಿಂತಿತು.

ಅವನು! ಇಷ್ಟು ತಿಂಗಳಾದ ಮೇಲೆ...

"ಏನಯ್ಯಾ ಎಂಜಿನಿಯರ್, ಜನರ ಜೇಬೆಲ್ಲ ಖಾಲಿಯಾದ ಮೇಲೆ ಬಂದೆಯಲ್ಲ!" ಅಂಗಡಿಯ ಯಜಮಾನ, ಅವಳ ಭಾವ, ನಕ್ಕ.

"ರಜೇಲಿ ಗೇಮ್ ಆಡೋ ಹೊಸ ಕನ್ಸೋಲ್ ಗದ್ದಲ ಅಣ್ಣಾ. ನಮ್ಮಂಥ ಸಣ್ಣ ಆಟದ ಮುಖ ಯಾರು ನೋಡ್ತಿದ್ರು?"

ಇಬ್ಬರ ಮುಖವನ್ನೂ ನೋಡಿದ ಭಾವ, "ಟೀ ಕುಡಿದು ಬರ್ತೀನಿ" ಎಂದು ಮೆಲ್ಲಗೆ ಜಾರಿಕೊಂಡ.

ಪೆಟ್ಟಿಗೆಯಲ್ಲಿದ್ದದ್ದು ಒಂದು ಬಾಡಿಗೆ ಕೋಣೆಯಲ್ಲಿ ಅವರಿಬ್ಬರೂ ಸೇರಿ ಕಟ್ಟಿದ ಆಟ. ಚಿತ್ರ ಅವಳದು, ಪ್ರೋಗ್ರಾಂ ಅವನದು. ಆಟದೊಳಗೆ ದಾರಿ ತೋರಿಸುವ ಅಜ್ಜಿಗೆ ದನಿ ಕೊಟ್ಟದ್ದು ಪುಟ್ಟಿಯ ಅಮ್ಮ. ಆಟ ಬಿಡುಗಡೆಯಾದ ಮೇಲೆ ಮದುವೆ ಎಂದು ಮಾತಾಗಿತ್ತು.

ಆಟ ಬೇಸಿಗೆ ರಜೆಗೆ ಬರಬೇಕಿತ್ತು. ಅದೇ ವಾರ ದೊಡ್ಡ ಕಂಪನಿಯೊಂದರ ಆಟ ಬಂತು, ಅವನು ವರ್ಷಾಂತ್ಯಕ್ಕೆ ಮುಂದೂಡಿದ. ಅಷ್ಟರಲ್ಲಿ ಹೊಸ ಕನ್ಸೋಲಿನ ಸುದ್ದಿ, ಮತ್ತೆ ಮುಂದೂಡಿದ. "ನನ್ನ ಅಜ್ಜಿ ಯಾವಾಗ ಮಾತಾಡ್ತಾಳಂತೆ?" ಎಂದು ಆಸ್ಪತ್ರೆಯ ಮಂಚದಿಂದ ಕೇಳುತ್ತಲೇ ಇದ್ದ ಅಮ್ಮ ಆ ವಾರವೇ ತೀರಿಕೊಂಡಳು. ಕೋಣೆಯ ಬೀಗದ ಕೈಯನ್ನು ಅವನ ಮೇಜಿನ ಮೇಲಿಟ್ಟು ಪುಟ್ಟಿ ಹೊರಬಿದ್ದಿದ್ದಳು.

"ಮೊದಲನೇ ಪ್ರತಿ ನಿನಗೇ ಕೊಡೋಣ ಅಂತ..." ಅವನು ಪೆಟ್ಟಿಗೆಯನ್ನು ಮುಂದೆ ಹಿಡಿದ.

"ಕಾಯ್ತಿದ್ದವಳು ಹೋದಳು! ಯಾವ ಕಂಪನಿ ಯಾವ ತಿಂಗಳು ಬರುತ್ತೆ ಅನ್ನೋದೆಲ್ಲ ಬಾಯಿಪಾಠ ನಿನಗೆ. ನಮ್ಮಮ್ಮನ ಕೆಮ್ಮು ಮಾತ್ರ ಕೇಳಿಸಲಿಲ್ಲ, ಅಲ್ವಾ?"

ಅವನು ಪೆಟ್ಟಿಗೆಯನ್ನು ನೆಲಕ್ಕಿಟ್ಟ.

"ತಾರೀಖಿನ ಮಾತು ಬಿಡು ಪುಟ್ಟಿ. ಅಜ್ಜಿಯ ಭಾಗ ಆಗಲೇ ತಯಾರಿತ್ತು. ಲ್ಯಾಪ್‌ಟಾಪ್ ಹಿಡ್ಕೊಂಡು ಒಂದು ಸಲ ಆಸ್ಪತ್ರೆಗೆ ಬರಬಹುದಿತ್ತು. ಬಿಡುಗಡೆಗೆ ಮುಂಚೆ ಹೊರಗಿನವರಿಗೆ ತೋರಿಸಬಾರದು ಅಂತ ಕೂತೆ. ಅಮ್ಮ ಹೊರಗಿನವರಾ? ಅಷ್ಟೂ ಹೊಳೀಲಿಲ್ಲ ನನಗೆ..."

ಪುಟ್ಟಿ ಸ್ಟೂಲಿನಿಂದ ಇಳಿದು ಗೋಡೆಗೊರಗಿ ನೆಲದ ಮೇಲೆ ಕುಳಿತಳು.

"ಅಜ್ಜಿಯ ಭಾಗ ನನ್ನ ಲ್ಯಾಪ್‌ಟಾಪ್‌ನಲ್ಲೂ ಇತ್ತು ಕಣೋ."

"ಏನು?"

"ಅಮ್ಮನ ಮಂಚದ ಕೆಳಗೇ ಇತ್ತು! ಅವಳು ಮಲಗಿದಾಗ ತೆಗೆದು ಅಜ್ಜಿ ಸೀರೆಗೆ ಬಣ್ಣ ತಿದ್ದುತ್ತಿದ್ದೆ. ಪೂರ್ತಿ ಆಗಲಿ, ಚೆನ್ನಾಗಿ ತೋರಿಸ್ತೀನಿ ಅಂತ... ನಾನೂ ನಿನ್ನ ತಾರೀಖನ್ನೇ ಕಾದೆ. ಇಷ್ಟು ದಿನ ನಿನ್ನನ್ನ ಬೈಕೊಂಡು ಹೇಗೋ ಇದ್ದೆ. ನಿಂದಲ್ಲ, ನನ್ನ ತಪ್ಪು ಅಂದ್ಕೊಂಡ್ರೆ ಉಸಿರೇ ಕಟ್ಟುತ್ತೆ..."

ಅವನು ಬಂದು ಅವಳ ಪಕ್ಕ ನೆಲದ ಮೇಲೆಯೇ ಕುಳಿತ.

"ಮದುವೆ ವಿಷಯ ಎತ್ತೋ ಮುಖ ನನಗಿಲ್ಲ."

"ಎತ್ತಬೇಡ. ಸುಮ್ಮನೆ ಕೂತಿರು."

"ಅಮ್ಮನದು ತೀರೋ ಋಣ ಅಲ್ಲ ಪುಟ್ಟಿ."

"ಗೊತ್ತು... ಒಬ್ಬಳೇ ಹೊರೋಕೆ ಆಗ್ತಿಲ್ಲ ಕಣೋ."

"ಅರ್ಧ ಕೊಡು."

ಅಮ್ಮ ಹೋದ ಮೇಲೆ ಅಳದಿದ್ದ ಪುಟ್ಟಿ, ಅವನ ಹೆಗಲಿಗೆ ಹಣೆಯಿಟ್ಟು ಮೊದಲ ಸಲ ಅತ್ತಳು.