ಟ್ವೆರ್ವಾನ್ ಸರೋವರ ದಾಟಿದ ಮೂವರು

ಪ್ರಸ್ಥಭೂಮಿಯ ಈ ತುದಿಯಿಂದ ಸ್ಕೀ ಮೇಲೆ ಹೊರಟು ಕತ್ತಲಾಗುವುದರೊಳಗೆ ಆಚೆಯ ಕಣಿವೆಗೆ ಇಳಿಯಬೇಕು. ತಂಡದ ಮೂವರೂ ಒಟ್ಟಿಗೇ ಗೆರೆ ದಾಟಬೇಕು. ಗೆದ್ದ ತಂಡಕ್ಕೆ ವಿಶ್ವಕೂಟದ ಬಾಗಿಲು ತೆರೆಯುತ್ತಿತ್ತು. ಮೂವತ್ತಾರರ ಹಲ್ವರ್‌ಗೆ ಅದು ಇನ್ನೊಮ್ಮೆ ತೆರೆಯುವಂತಿರಲಿಲ್ಲ.

ಅವನು ಸ್ಕೀ ಓಟಕ್ಕೇ ಬದುಕು ಸವೆಸಿದವನು. ರಾಷ್ಟ್ರೀಯ ಕೂಟಗಳಲ್ಲಿ ಮತ್ತೆ ಮತ್ತೆ ನಾಲ್ಕನೆಯವನಾಗಿ, ಪದಕ ಗೆದ್ದವರಿಗೆ ಕೆಳಗೆ ನಿಂತು ಚಪ್ಪಾಳೆ ತಟ್ಟಿದ್ದ. ಹೋದ ವರ್ಷ ರಾಷ್ಟ್ರೀಯ ತಂಡದಲ್ಲಿದ್ದ ಅವನ ಜಾಗವೂ ಎಸ್ಕಿಲ್‌ನ ಪಾಲಾಗಿತ್ತು. ಈಗ ಅದೇ ಎಸ್ಕಿಲ್ ಅವನ ಜೊತೆಗಾರ. ಮೂರನೆಯವಳು ರೊನ್ನೌಗ್, ಹಿಮಸಾರಂಗಗಳ ಬೇಟೆಗೆ ಅಪ್ಪನೊಂದಿಗೆ ಇದೇ ಬೆಟ್ಟಗಳನ್ನು ಅಲೆದವಳು.

"ಏನು ಮುದುಕಪ್ಪಾ, ಉಸಿರು ಇದೆಯಾ?" ಏರಿನಲ್ಲಿ ಎಸ್ಕಿಲ್ ಕೆಣಕಿದ.

"ನಿನ್ನ ಬಾಯಿ ಓಡೋ ಹಾಗೆ ಕಾಲೂ ಓಡ್ಲಿ, ನಡಿ."

ಮೇಲೆ ಒಂದು ಮರವೂ ಇರಲಿಲ್ಲ. ನೆಲ ಯಾವುದು, ಆಕಾಶ ಯಾವುದು ಎಂದು ತಿಳಿಯದಂತೆ ಎಲ್ಲವೂ ಬೂದಿಬಣ್ಣಕ್ಕೆ ತಿರುಗಿತ್ತು. ದಾರಿ ತೋರಲು ನೆಟ್ಟ ಬರ್ಚ್ ಮರದ ಕೋಲುಗಳು ಅರ್ಧ ಹೂತುಹೋಗಿದ್ದವು. ಗಾಳಿ ಹಿಮದ ಪುಡಿಯನ್ನು ಹಾವಿನಂತೆ ನೆಲದ ಮೇಲೆ ಹರಿಸುತ್ತಿತ್ತು. ಆದರೂ ಹೆಪ್ಪುಗಟ್ಟಿದ ಟ್ವೆರ್ವಾನ್ ಸರೋವರ ಕಂಡಾಗ ಮುಂದೆ ಯಾರೂ ಇರಲಿಲ್ಲ. ಅವರೇ ಮೊದಲು.

"ಹಿಮದ ಬಣ್ಣ ಸರಿಯಿಲ್ಲ. ದಂಡೆ ಬಳಸಿ ಹೋಗೋಣ," ಎಂದಳು ರೊನ್ನೌಗ್.

"ಬಳಸಿದ್ರೆ ಹಿಂದಿನವರು ಹಿಡೀತಾರೆ. ನೇರ ಹೋಗೋಣ," ಎಂದ ಹಲ್ವರ್.

ಎಸ್ಕಿಲ್ ಮುಂದೆ ನುಗ್ಗಿದ.

ನಡುವೆ ಹಿಮ ಕುಸಿಯಿತು. ಅಡಿಯಲ್ಲಿ ನೀರು! ಎಸ್ಕಿಲ್‌ನ ಎಡಗಾಲು ಮೊಣಕಾಲವರೆಗೂ ಮುಳುಗಿತು. ಇಬ್ಬರೂ ಅವನ ತೋಳು ಹಿಡಿದು ಎಳೆದರು. ದಡ ಸೇರುವಷ್ಟರಲ್ಲಿ ಷರಾಯಿ ಹಲಗೆಯಂತೆ ಸೆಟೆದಿತ್ತು.

"ಕಾಲು ಇದ್ದ ಹಾಗೇ ಇಲ್ಲ ಕಣೋ," ಎಸ್ಕಿಲ್‌ನ ಹಲ್ಲು ಕಟಕಟಿಸಿತು.

ಹಲ್ವರ್ ಬೂಟು ಕಿತ್ತ. ಬೆರಳುಗಳು ಮೇಣದಂತೆ ಬಿಳಿಚಿದ್ದವು. ಅಂಗಿ ಎತ್ತಿ ಆ ಪಾದವನ್ನು ತನ್ನ ಬರಿ ಹೊಟ್ಟೆಗೆ ಒತ್ತಿಕೊಂಡ. ಗಾಳಿ ಜೋರಾಯಿತು. ದೂರದ ದಂಡೆಯಲ್ಲಿ ಬೇರೆ ತಂಡಗಳು ನೆರಳಿನಂತೆ ಸಾಗಿದವು. ರೊನ್ನೌಗ್ ಕೂಗಿದಳು. ಗಾಳಿ ಆ ಕೂಗನ್ನು ನುಂಗಿತು.

"ನೀವಾದ್ರೂ ಹೋಗಿ," ಎಂದ ಎಸ್ಕಿಲ್.

"ಬಾಯ್ಮುಚ್ಚು. ಸರೋವರದ ಮೇಲೆ ಹೋಗೋಣ ಅಂದವನು ನಾನು."

ಹಲ್ವರ್ ತನ್ನ ಬಲಗೈಯ ದಪ್ಪ ಉಣ್ಣೆಯ ಗವಸನ್ನು ಕಳಚಿ ಆ ಪಾದಕ್ಕೆ ತೊಡಿಸಿ, ಮೇಲೆ ಬೂಟು ಸಡಿಲವಾಗಿ ಕಟ್ಟಿದ.

"ನಿನ್ನ ಕೈಗೆ?" ರೊನ್ನೌಗ್ ಗಾಬರಿಯಾದಳು.

"ಒಳಗೆ ತೆಳು ಗವಸು ಇದೆ. ನೀನು ದಾರಿ ನೋಡು."

ಬಿರುಗಾಳಿಯಲ್ಲಿ ರೊನ್ನೌಗ್ ಒಂದೊಂದೇ ಕೋಲು ತಡಕುತ್ತ ಮುಂದಾದಳು. ನಡುವೆ ಎಸ್ಕಿಲ್ ಕುಂಟಿದ. ಹಿಂದೆ ಹಲ್ವರ್‌ನ ಬಲಗೈ ಮೊದಲು ಉರಿಯಿತು, ಆಮೇಲೆ ನೋವೇ ನಿಂತಿತು. ಆಗ ಅವನಿಗೆ ಭಯವಾಯಿತು. ಸ್ಕೀ ಊರುಗೋಲನ್ನು ಮಣಿಕಟ್ಟಿಗೆ ಕಟ್ಟಿಸಿಕೊಂಡು ನಡೆದ.

ಮೂವರೂ ಒಟ್ಟಿಗೆ ಗೆರೆ ದಾಟಿದಾಗ ಬಹುಮಾನ ಕೊಟ್ಟಾಗಿತ್ತು. ಹುಡುಕಲು ಹೊರಟಿದ್ದವರು ಕಂಬಳಿ ಹೊದಿಸಿ ಒಳಗೆ ಕರೆದೊಯ್ದರು.

ವೈದ್ಯೆ ಹಲ್ವರ್‌ನ ಬಲಗೈಯನ್ನು ಬಹಳ ಹೊತ್ತು ನೋಡಿದಳು. "ಎರಡು ಬೆರಳು ಉಳಿಯಲ್ಲ. ಊರುಗೋಲು ಹಿಡಿದು ಓಡೋದು ಇನ್ನು..." ಎಂದು ನಿಲ್ಲಿಸಿದಳು.

ಹಲ್ವರ್ ಕಿಟಕಿಯಾಚೆಯ ಹಿಮ ನೋಡುತ್ತ ಕುಳಿತ.

"ಹಲ್ವರ್, ನಾನು..." ಪಕ್ಕದ ಮಂಚದಲ್ಲಿ ಎಸ್ಕಿಲ್ ಎದ್ದು ಕೂತ.

"ಮಾತು ಬೇಡ. ಕಾಲ್ಬೆರಳು ಆಡಿಸು, ನೋಡೋಣ."

ಕೆಂಪಾಗಿ ಊದಿದ ಕಾಲ್ಬೆರಳುಗಳು ನೋವಿನಲ್ಲೇ ಅಲುಗಿದವು. ಕಿರುಬೆರಳು ಅಲುಗುವವರೆಗೂ ಹಲ್ವರ್ ಕಣ್ಣು ಕೀಳಲಿಲ್ಲ. ಆಮೇಲೆ ರೊನ್ನೌಗ್ ಕಡೆ ತಿರುಗಿ, "ಸ್ವಲ್ಪ ಸೂಪು ಕುಡಿಸೇ, ಹಸಿವಾಗ್ತಿದೆ," ಎಂದ.